ಬಾರ್ಸಿಲೋನಾಕ್ಕೆ ಬನ್ನಿ, ಬೇಗ ಹೊರಡಿ

ಸ್ಪೇನಿನ ಬಾರ್ಸಿಲೋನಾಕ್ಕೆ ಬಂದರೆ ಏನೇನು ನೋಡಬೇಕು, ಏನೇನು ತಿನ್ನಬೇಕು ಅಂತ ಮಗಳನ್ನು ಕೇಳಿದೆ. ಅವಳು ಅಲ್ಲಿ ಎರಡು ವರ್ಷದಿಂದ ಓದುತ್ತಿದ್ದಾಳೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಪ್ಪ, ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಕೊಂಡು ಬನ್ನಿ. ಒದ್ದೆಯಾದ್ರೆ ಬೇಕಾಗುತ್ತೆ" ಅಂದಳು.

"ಬಿಸಿಲಿನ ಊರು ಅಂದಿದ್ದೆ. ಮಳೆ ಬೇರೆ ಬರುತ್ತಾ?"

"ಮಳೆ ಬರಲ್ಲ. ಜನ ನೀರು ಹೊಡೀತಾರೆ."

ತಮಾಷೆ ಅಂದುಕೊಂಡೆ. ಅಲ್ಲ. 2024ರ ಜುಲೈ 6ರಂದು ಆ ಊರಿನ ಜನ ಬೀದಿಗಿಳಿದಿದ್ದರು. ಪೊಲೀಸರ ಲೆಕ್ಕದಲ್ಲಿ ಸುಮಾರು 2,800 ಮಂದಿ. ಕಲ್ಲಿಲ್ಲ, ದೊಣ್ಣೆಯಿಲ್ಲ. ಹೋಳಿ ಹಬ್ಬಕ್ಕೆ ಮಕ್ಕಳು ಹಟ ಮಾಡಿ ಕೊಡಿಸಿಕೊಳ್ಳುತ್ತಾರಲ್ಲ, ಅಂಥ ಬಣ್ಣದ ಪ್ಲಾಸ್ಟಿಕ್ ಪಿಸ್ತೂಲು ಕೈಯಲ್ಲಿ. ಹೋಟೆಲಿನ ಹೊರಗೆ ಛತ್ರಿಯ ಕೆಳಗೆ ಕೂತು ತಣ್ಣಗೆ ಏನೋ ಹೀರುತ್ತಿದ್ದ ಪ್ರವಾಸಿಗರ ಮೇಲೆ ಚಿರ್ರ್ ಅಂತ ಬಿಟ್ಟರು. ಟೂರಿಸ್ಟರೇ, ಮನೆಗೆ ಹೋಗಿ ಅಂತ ಕೂಗಿದರು. 2025ರ ಜೂನ್‌ನಲ್ಲಿ ಮತ್ತೆ ಅದೇ ಸೇವೆ.

ನನಗೆ ತುಂಬಾ ಹಿಡಿಸಿದ್ದು ಇದರ ನೀರಿನ ಲೆಕ್ಕ. ಅದೇ 2024ರ ಫೆಬ್ರವರಿಯಲ್ಲಿ ಅಲ್ಲಿ ಬರಗಾಲದ ತುರ್ತು ಪರಿಸ್ಥಿತಿ ಸಾರಿದ್ದರು. ನೀರು ಉಳಿಸಬೇಕು ಅಂತ ಬೀಚಿನ ಶವರ್‌ಗಳನ್ನು ಬಂದ್ ಮಾಡಿದ್ದರು. ಸಮುದ್ರದಲ್ಲಿ ಮಿಂದು ಮೈಯೆಲ್ಲ ಉಪ್ಪಾಗಿ ಬಂದವನಿಗೆ ನೀರಿಲ್ಲ. ಇಸ್ತ್ರಿ ಬಟ್ಟೆ ಹಾಕಿಕೊಂಡು ಊಟಕ್ಕೆ ಕೂತವನಿಗೆ ಪುಕ್ಕಟೆ ಸ್ನಾನ.

ಊರಿನವರ ಸಿಟ್ಟು ಸುಳ್ಳಲ್ಲ. ಹತ್ತು ವರ್ಷದಲ್ಲಿ ಮನೆ ಬಾಡಿಗೆ ಶೇ. 68ರಷ್ಟು ಏರಿದೆ ಅಂತ ಮೇಯರ್ ಜೌಮೆ ಕೊಲ್ಬೋನಿ ಅವರೇ ಹೇಳಿದ್ದಾರೆ. ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡಲು ಲೈಸೆನ್ಸ್ ಇರುವ ಫ್ಲಾಟುಗಳು 10,101. ಈ ಹತ್ತು ಸಾವಿರದ ನೂರಾ ಒಂದೂ 2028ರ ನವೆಂಬರ್ ಹೊತ್ತಿಗೆ ರದ್ದು ಅಂತ ಪಾಲಿಕೆ ಹೇಳಿದೆ. ಆ ನೂರಾ ಒಂದು ಕೇಳಿದರೆ ಮದುವೆ ಮುಯ್ಯಿ ನೆನಪಾಗುತ್ತದೆ. ನನ್ನ ಮಗಳಂತೂ ನಾಲ್ಕು ಜನಕ್ಕೆ ಒಂದೇ ಬಚ್ಚಲಿರುವ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಕೋಣೆ ಅಂದರೆ, ಮಂಚದ ಸುತ್ತ ಗೋಡೆ ಕಟ್ಟಿದ್ದಾರೆ ಅಷ್ಟೇ. ಅದಕ್ಕೆ ಅವಳು ಕೊಡುವ ಬಾಡಿಗೆ ಕೇಳಿ ಅವಳ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆದರೆ ಊರು ನಡೆಸುವವರ ವರಸೆ ನೋಡಿ. ಪಿಸ್ತೂಲಿನ ಆ ಬೇಸಿಗೆಗೆ ಮುಂಚೆ, ಮೇ ತಿಂಗಳಲ್ಲಿ, ಲೂಯಿ ವಿಟಾನ್ ಕಂಪನಿಯ ಫ್ಯಾಷನ್ ಶೋಗೆ ಊರಿನ ಪಾರ್ಕನ್ನೇ ಬಿಟ್ಟುಕೊಟ್ಟರು. ಜೂನ್‌ನಲ್ಲಿ ಊರಿನ ಅತಿ ದುಬಾರಿ ರಸ್ತೆಯಲ್ಲಿ ಫಾರ್ಮುಲಾ ಒನ್ ಕಾರು ಓಡಿಸಿದರು. ಆಗಸ್ಟಿನಿಂದ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯ. ಮುಂದಿನ ವರ್ಷ ಜೂನ್‌ನಲ್ಲಿ ಜನ ಮತ್ತೆ ನೀರು ಹೊಡೆದರಲ್ಲ, ಅದೇ ತಿಂಗಳು 320 ಕೋಟಿ ಯೂರೋ ಖರ್ಚಿನಲ್ಲಿ ವಿಮಾನ ನಿಲ್ದಾಣ ಹಿಗ್ಗಿಸುತ್ತೇವೆ ಅಂತ ಕತಲೋನಿಯಾ ಪ್ರಾಂತ್ಯದ ಸರ್ಕಾರ ಹೇಳಿತು. ಬಾಗಿಲಿಗೆ ತೋರಣ ಕಟ್ಟಿ, ಬಂದವರ ಮೇಲೆ ನಾಯಿ ಛೂ ಬಿಟ್ಟ ಹಾಗೆ.

ಇರಲಿ. ಟಿಕೆಟ್ ತೆಗೆದಾಗಿತ್ತು. ಹೊರಟೆವು.

ಇಂಟರ್‌ನೆಟ್ಟಿನಲ್ಲಿ ಸಿಗುವ 'ಬಾರ್ಸಿಲೋನಾದಲ್ಲಿ ಮಾಡಲೇಬೇಕಾದ್ದು' ಪಟ್ಟಿಗಳನ್ನೆಲ್ಲ ನಾನು ಕೂಡಿಸಿ ಇಟ್ಟುಕೊಂಡಿದ್ದೆ. ಮೊದಲನೆಯದು ಪಾಯೇಯಾ ತಿನ್ನಬೇಕು. ಲಾ ರಾಂಬ್ಲಾ ಅನ್ನುವ ದೊಡ್ಡ ಬೀದಿಯಲ್ಲಿ ಹೋಟೆಲಿನವನೊಬ್ಬ ನಮ್ಮ ಮುಖ ನೋಡಿದ್ದೇ "ನಮಸ್ತೇ, ಶಾರುಖ್ ಖಾನ್!" ಅಂತ ಕೈ ಹಿಡಿದು ಕೂರಿಸಿದ. ಮೆನುವಿನಲ್ಲಿ ಹದಿನಾರು ಬಗೆಯ ಪಾಯೇಯಾದ ಫೋಟೋ. ಹದಿನಾರರಲ್ಲೂ ಅನ್ನ ಒಂದೇ, ಮೇಲಿನ ಅಲಂಕಾರ ಬೇರೆ. "ವೆಜಿಟೇರಿಯನ್" ಅಂದೆ. "ಯಸ್ ಯಸ್, ನೋ ಚಿಕನ್" ಅಂದ. ಐದೇ ನಿಮಿಷಕ್ಕೆ ಅಗಲವಾದ ಕಬ್ಬಿಣದ ಬಾಣಲೆ ಬಂತು. ಅರಿಶಿನ ಕೆಡವಿದ ಹಾಗೆ ಹಳದಿ ಅನ್ನ. ಅದರ ಮೇಲೆ ಆರು ಸೀಗಡಿ, ಮೀಸೆ ತಿರುವಿಕೊಂಡು, ಕಣ್ಣು ಬಿಟ್ಟುಕೊಂಡು.

"ರೀ, ಇವು ನನ್ನನ್ನೇ ನೋಡ್ತಿವೆ" ಅಂದಳು ನಮ್ಮವಳು.

ಹೋಟೆಲಿನವನನ್ನು ಕರೆದೆವು. ಅವನು ಬೇಜಾರು ಮಾಡಿಕೊಳ್ಳದೆ ಆರನ್ನೂ ಬಾಲ ಹಿಡಿದು ಎತ್ತಿ ಪಕ್ಕದ ತಟ್ಟೆಗಿಟ್ಟ. "ನೌ ವೆಜಿಟೇರಿಯನ್" ಅಂದ. ಕೊನೆಗೆ ಚಟ್ನಿಪುಡಿ ಹೊರಬಂತು. ಬರಿ ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿ, 44 ಯೂರೋ ಬಿಲ್ ಕೊಟ್ಟು ಎದ್ದೆವು.

ರಾತ್ರಿ ಮಗಳ ಹತ್ತಿರ ಹೇಳಿದರೆ ಅವಳಿಗೆ ನಗು. "ಅಪ್ಪ, ಪಾಯೇಯಾ ಈ ಊರಿಂದೇ ಅಲ್ಲ. ವಲೆನ್ಸಿಯಾದ್ದು. ಇಲ್ಲಿಂದ ದಕ್ಷಿಣಕ್ಕೆ 350 ಕಿಲೋಮೀಟರ್. ಅಲ್ಲಿನವರು ಕೋಳಿ, ಮೊಲ, ಹುರುಳಿಕಾಯಿ ಹಾಕ್ತಾರೆ. ಈ ಸೀಗಡಿ ನೋಡಿದ್ರೆ ಜಗಳಕ್ಕೇ ಬರ್ತಾರೆ."

ಅಲ್ಲಿಂದ ನನ್ನ ಪಟ್ಟಿಯನ್ನು ಅವಳು ಒಂದೊಂದಾಗಿ ಹೊಡೆದು ಹಾಕುತ್ತಾ ಬಂದಳು. ಫ್ಲಮೆಂಕೋ ನೃತ್ಯ? ಅದು ಆಂದಲೂಸಿಯಾದ್ದು, ಸಾವಿರ ಕಿಲೋಮೀಟರ್ ಆಚೆ. ರಾಂಬ್ಲಾ ಅಂಗಡಿಗಳಲ್ಲಿ ವರ್ಷಗಟ್ಟಲೆ ಮಾರಾಟವಾದ, ಮೊರದಷ್ಟು ಅಗಲದ ಸೊಂಬ್ರೆರೋ ಟೋಪಿ? ಅದು ಮೆಕ್ಸಿಕೋದ್ದು, ನಡುವೆ ಒಂದು ಮಹಾಸಾಗರವೇ ಇದೆ. ಗೂಳಿ ಕಾಳಗ? ಇಲ್ಲಿನ ಪ್ರಾಂತ್ಯದ ಸಂಸತ್ತು 2010ರಲ್ಲೇ ನಿಷೇಧಿಸಿತು, ಕೊನೆಯ ಕಾಳಗ ನಡೆದದ್ದು 2011ರ ಸೆಪ್ಟೆಂಬರಿನಲ್ಲಿ. ಆ ನಿಷೇಧವನ್ನು 2016ರಲ್ಲಿ ಮ್ಯಾಡ್ರಿಡ್‌ನ ಕೋರ್ಟು ರದ್ದು ಮಾಡಿದರೂ ಒಂದು ಗೂಳಿಯೂ ವಾಪಸ್ ಬಂದಿಲ್ಲ. ಎರಡು ಅಖಾಡಗಳಲ್ಲಿ ಒಂದು ಈಗ ಶಾಪಿಂಗ್ ಮಾಲ್. ಆದರೂ ಫ್ರಿಜ್ಜಿಗೆ ಅಂಟಿಸುವ ಗೊಂಬೆಗಳಲ್ಲಿ ಗೂಳಿ ಇದೆ, ಗೂಳಿ ಮೈಮೇಲೆ ಬಾರ್ಸಿಲೋನಾ ಅಂತ ಬರೆದಿದೆ.

ಫ್ಲಮೆಂಕೋ ವಿಷಯದಲ್ಲಿ ಮಾತ್ರ ಅವಳು ಒಂದು ರಿಯಾಯಿತಿ ಕೊಟ್ಟಳು. ಆ ನೃತ್ಯದ ಮಹಾ ಕಲಾವಿದೆ ಕಾರ್ಮೆನ್ ಅಮಾಯಾ ಹುಟ್ಟಿದ್ದು ಇದೇ ಊರಿನ ಸಮುದ್ರದ ದಂಡೆಯಲ್ಲಿ, ಸೊಮೊರೋಸ್ಟ್ರೋ ಅನ್ನುವ ಜೋಪಡಿಪಟ್ಟಿಯಲ್ಲಿ. 1966ರಲ್ಲಿ ಅದನ್ನು ತೆರವು ಮಾಡಿದರು. ಈಗ ಅಲ್ಲಿ ಬೀಚು, ಬೀಚಿಗೆ ಅದೇ ಹೆಸರು. ಬಡವರನ್ನು ಎಬ್ಬಿಸಿ ಹೆಸರನ್ನು ಇಟ್ಟುಕೊಳ್ಳುವುದು ಎಲ್ಲ ಊರಿನವರಿಗೂ ಚೆನ್ನಾಗಿ ಬರುತ್ತದೆ.

ಬೀಚಿನ ಕಥೆ ಇನ್ನೂ ಚೆಂದ. ಫ್ಯಾಕ್ಟರಿ, ರೈಲು ಹಳಿ, ಕಸದ ನಡುವೆ ಇದ್ದ ದಂಡೆಯನ್ನು 1992ರ ಒಲಿಂಪಿಕ್ಸ್‌ಗೋಸ್ಕರ ಒಡೆದು ಕಟ್ಟಿದ್ದು. ಮರಳೂ ತಂದು ಸುರಿದದ್ದೇ. ಸಮುದ್ರಕ್ಕೆ ಇದು ಒಪ್ಪಿಗೆಯಿಲ್ಲ. ಪ್ರತಿ ಚಳಿಗಾಲ ಬಿರುಗಾಳಿ ಬಂದಾಗ ತನಗೆ ಬೇಕಾದಷ್ಟು ಮರಳು ಎತ್ತಿಕೊಂಡು ಹೋಗುತ್ತದೆ. ಸಮುದ್ರದ ಮೇಲೆ ಮರಳು ಕಳ್ಳತನದ ಕೇಸ್ ಹಾಕಲಾಗದೆ ಊರಿನವರು ಕೈಕಟ್ಟಿ ನೋಡುತ್ತಾರೆ. ಅಂದ ಹಾಗೆ, ಈ ಬೀಚಿನಿಂದ ಚಡ್ಡಿಯಲ್ಲೇ ಪೇಟೆ ಬೀದಿಗೆ ಬಂದರೆ ದಂಡ. 2011ರಲ್ಲಿ ಕಾನೂನು ಮಾಡಿದ್ದಾರೆ. ನಾನು ಪಂಚೆ ಉಟ್ಟು ಹೋಗಿದ್ದೆ, ಪೊಲೀಸರು ಎರಡು ಸಲ ನೋಡಿದರು, ಯಾವ ಕಲಮಿಗೂ ಸಿಗಲಿಲ್ಲ ಅನಿಸುತ್ತದೆ.

ರಾಂಬ್ಲಾ ಸಮುದ್ರಕ್ಕೆ ಮುಟ್ಟುವ ಕಡೆ 60 ಮೀಟರ್ ಎತ್ತರದ ಕಂಬದ ಮೇಲೆ ಕೊಲಂಬಸ್ ನಿಂತು ಬೆರಳು ತೋರಿಸುತ್ತಾನೆ. 1888ರಿಂದ ತೋರಿಸುತ್ತಿದ್ದಾನೆ. ಅಮೆರಿಕ ಇರುವ ದಿಕ್ಕು ಅದಲ್ಲ. ಇಂಡಿಯಾಕ್ಕೆ ಅಂತ ಹೊರಟು ಇನ್ನೆಲ್ಲಿಗೋ ಮುಟ್ಟಿದವನ ಬೆರಳು ಇನ್ನು ಹೇಗೆ ಇರಬೇಕಿತ್ತು?

ಸರಿ, ಗಾಥಿಕ್ ಕ್ವಾರ್ಟರ್ ಅಂತ ಹಳೆಯ ಪೇಟೆ ಇದೆಯಲ್ಲ, ಅದಾದರೂ ಹಳೆಯದೇ ತಾನೆ ಅಂದೆ. ಕಿರಿದಾದ ಓಣಿ, ಎರಡು ಕಟ್ಟಡಗಳ ನಡುವೆ ಕಲ್ಲಿನ ಕುಸುರಿ ಸೇತುವೆ. ಅದರ ಕೆಳಗೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ಮಧ್ಯಯುಗದ ಮುಖ ಮಾಡಿಕೊಂಡು ನಿಂತೆ. "1928ರಲ್ಲಿ ಕಟ್ಟಿದ್ದು ಅಪ್ಪ" ಅಂದಳು. ನನ್ನ ಅಜ್ಜ ಹುಟ್ಟಿದ್ದು ಅದಕ್ಕಿಂತ ಹನ್ನೆರಡು ವರ್ಷ ಮೊದಲು. ಅವರ ಪಕ್ಕ ನಿಂತು ಯಾರೂ ಫೋಟೋ ತೆಗೆಸಿಕೊಳ್ಳಲಿಲ್ಲ.

ಉಳಿದದ್ದು ಗೌಡಿ.

ಆ ಹೆಸರು ಕೇಳಿ ನಮ್ಮವಳಿಗೆ ಖುಷಿಯೋ ಖುಷಿ. ಇಲ್ಲಿ ನೋಡಿದರೆ ಗೌಡಿ ಮನೆ, ಅಲ್ಲಿ ನೋಡಿದರೆ ಗೌಡಿ ಪಾರ್ಕು. "ನಮ್ಮ ಮಂಡ್ಯ ಕಡೆ ಹಾಗೇ ಇದೆ, ಊರಿಗೊಬ್ಬರು ಗೌಡ್ರು, ಎಲ್ಲ ಅವರದೇ" ಅಂದಳು. ಇವನ್ನೆಲ್ಲ ಕಟ್ಟಿದ ವಾಸ್ತುಶಿಲ್ಪಿ ಅಂತೋನಿ ಗೌಡಿ ಇಂಜಿನಿಯರೋ ಮಾಂತ್ರಿಕರೋ ಹೇಳುವುದು ಕಷ್ಟ. ಸಗ್ರಾದಾ ಫಮಿಲಿಯಾ ಚರ್ಚಿನ ಒಳಗೆ ಕಾಲಿಟ್ಟರೆ ಕಂಬಗಳು ಮರದ ಹಾಗೆ ಮೇಲೆ ಹೋಗಿ ಕವಲೊಡೆಯುತ್ತವೆ. ಬಣ್ಣದ ಗಾಜಿನಿಂದ ಬಿಸಿಲು ಒಂದು ಕಡೆ ನೀಲಿಯಾಗಿ, ಇನ್ನೊಂದು ಕಡೆ ಕಿತ್ತಳೆಯಾಗಿ ಬೀಳುತ್ತದೆ. ವಿಡಂಬನೆ ಬರೆಯುವವನ ಬಾಯಿಯೂ ಅಲ್ಲಿ ಸ್ವಲ್ಪ ಹೊತ್ತು ಮುಚ್ಚಿಕೊಳ್ಳುತ್ತದೆ. ಜಾಸ್ತಿ ಹೊತ್ತಲ್ಲ. ಯಾಕೆಂದರೆ ಮಗಳು ಅದರ ಕಾಗದಪತ್ರದ ವಿಷಯ ತೆಗೆದಳು.

ಈ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1882ರ ಮಾರ್ಚ್ 19ರಂದು. ಕಟ್ಟಡದ ಲೈಸೆನ್ಸ್ ಸಿಕ್ಕಿದ್ದು 2019ರ ಜೂನ್‌ನಲ್ಲಿ. ನಡುವೆ 137 ವರ್ಷ ಪ್ಲಾನ್ ಸ್ಯಾಂಕ್ಷನ್ ಇಲ್ಲದೆ ಕಟ್ಟುತ್ತಾ ಬಂದಿದ್ದಾರೆ. ಗೌಡಿಯವರ ತಪ್ಪಲ್ಲ, ಪಾಪ. 1885ರಲ್ಲೇ ಅವರು ಅರ್ಜಿ ಹಾಕಿದ್ದರು. ಆಗ ಆ ಜಾಗ ಬಾರ್ಸಿಲೋನಾಕ್ಕೆ ಸೇರಿರಲಿಲ್ಲ, ಸಾಂತ್ ಮಾರ್ಟಿ ಅನ್ನುವ ಪಕ್ಕದ ಊರಿನದು. 1897ರಲ್ಲಿ ಆ ಊರು ನಗರದೊಳಗೆ ಸೇರಿಹೋಯಿತು. ಅರ್ಜಿ ಯಾವ ಫೈಲಿನ ಅಡಿ ಸೇರಿತೋ. 1926ರಲ್ಲಿ ಗೌಡಿಯವರಿಗೆ ಟ್ರಾಮ್ ಬಡಿದು ತೀರಿಕೊಂಡರು. ಮಹಾಯುದ್ಧಗಳು ಬಂದು ಹೋದವು. ಸರ್ವಾಧಿಕಾರಿ ಬಂದು ಹೋದ. ಪೋಪ್ ಬಂದು ಆಶೀರ್ವಾದ ಮಾಡಿ ಹೋದರು. ಪಾಲಿಕೆಯ ಇಂಜಿನಿಯರ್ ಮಾತ್ರ ಆಚೆ ತಲೆ ಹಾಕಿ, ಇಲ್ಲೇನೋ ಎತ್ತರಕ್ಕೆ ಎದ್ದಿದೆಯಲ್ಲ ಅಂತ ಕೇಳಲಿಲ್ಲ.

ಕೇಳಿದಾಗ ಏನಾಯಿತು? ನಾವು ಅಕ್ರಮ-ಸಕ್ರಮ ಅನ್ನುವುದನ್ನೇ ಅವರು ಯೂರೋದಲ್ಲಿ ಮಾಡಿದರು. 2018ರಲ್ಲಿ ಪಾಲಿಕೆಗೆ ಹತ್ತು ವರ್ಷದಲ್ಲಿ 3 ಕೋಟಿ 60 ಲಕ್ಷ ಯೂರೋ ಕೊಡಲು ಚರ್ಚಿನವರು ಒಪ್ಪಿದರು. ಲೈಸೆನ್ಸ್ ಶುಲ್ಕ ಬೇರೆ, 46 ಲಕ್ಷ. ಆ ದುಡ್ಡು ಎಲ್ಲಿಂದ? ನಮ್ಮ ಟಿಕೆಟ್ಟಿನಿಂದ. ಬೆಂಗಳೂರಿನಲ್ಲಿ ಎರಡು ಅಡಿ ಸೆಟ್‌ಬ್ಯಾಕ್ ಬಿಡದೆ ಮನೆ ಕಟ್ಟಿ ಹತ್ತು ವರ್ಷದಿಂದ ಪಾಲಿಕೆಯ ಓಸಿ ಪತ್ರಕ್ಕೆ ಅಲೆಯುತ್ತಿರುವ ನನ್ನ ಭಾವ ಇದನ್ನು ಕೇಳಿ ವಾಟ್ಸಾಪಿನಲ್ಲಿ ಕೈಮುಗಿದ ಗೊಂಬೆ ಕಳಿಸಿದರು. "ಇನ್ನೂ 127 ವರ್ಷ ಇದೆ, ಅವಸರ ಇಲ್ಲ" ಅಂತ ಕೆಳಗೆ ಬರೆದಿದ್ದರು.

ಪಾರ್ಕ್ ಗ್ವೆಲ್ ಇನ್ನೂ ನಮಗೆ ಹತ್ತಿರದ ಕಥೆ. ಅದು ಪಾರ್ಕೇ ಅಲ್ಲ, ಸೋತ ಲೇಔಟ್. 1900ರ ಹೊತ್ತಿಗೆ ಗ್ವೆಲ್ ಅನ್ನುವ ಸಾಹುಕಾರರು ಗುಡ್ಡ ಕೊಂಡು, 60 ಸೈಟು ಮಾಡಿ, ಗೌಡಿಯವರ ಕೈಯಲ್ಲಿ ಕಮಾನು, ಮೆಟ್ಟಿಲು, ಬಣ್ಣದ ಬಿಲ್ಲೆಯ ಹಲ್ಲಿ ಎಲ್ಲ ಮಾಡಿಸಿದರು. ದೊಡ್ಡವರು ಬಂದು ಮನೆ ಕಟ್ಟಲಿ ಅಂತ. ಎದ್ದದ್ದು ಎರಡೇ ಮನೆ. ಊರಿಗೆ ದೂರ, ಓಡಾಡಲು ಸರಿಯಾದ ಗಾಡಿ ಇಲ್ಲ, ಕರಾರುಗಳೂ ಜಾಸ್ತಿ ಅಂತ ಜನ ಕೊಳ್ಳಲಿಲ್ಲ. ಮಾಡೆಲ್ ಹೌಸ್ ಕೂಡ ಹೋಗದೆ ಕೊನೆಗೆ ಗೌಡಿಯವರೇ 1906ರಲ್ಲಿ ಬಂದು ಅದರಲ್ಲಿ ಸಂಸಾರ ಹೂಡಿದರು. ಈಗ 2013ರಿಂದ ಟಿಕೆಟ್ ಇಟ್ಟು ಆ ಸೋತ ಲೇಔಟನ್ನು ತೋರಿಸುತ್ತಾರೆ. ಸೈಟು ಮಾರಿ ದುಡ್ಡು ಮಾಡಲಾಗದಿದ್ದರೆ ನೋಟ ಮಾರಿ ಮಾಡಬಹುದು ಅಂತ ನಮ್ಮ ಡೆವಲಪರ್‌ಗಳಿಗೆ ಇನ್ನೂ ಹೊಳೆದಿಲ್ಲ. ಹೊಳೆಯುವುದೂ ಬೇಡ.

ಗಾಡಿ ಇಲ್ಲ ಅಂತ ಸೋತ ಆ ಗುಡ್ಡಕ್ಕೆ ಈಗ ಬಸ್ಸಿದೆ. ನಂಬರ್ 116, ಪುಟ್ಟ ಬಸ್ಸು. ಆ ಭಾಗದ ಅಜ್ಜ ಅಜ್ಜಿಯರು ಮಾರ್ಕೆಟ್ಟಿಗೆ, ಡಾಕ್ಟರ ಹತ್ತಿರ ಹೋಗಲು ಇರುವುದು. ಪ್ರವಾಸಿಗರು ತುಂಬಿಕೊಂಡು ಅಜ್ಜಿಯರಿಗೆ ಸೀಟೇ ಸಿಗುತ್ತಿರಲಿಲ್ಲ. 2024ರಲ್ಲಿ ಪಾಲಿಕೆ ಒಂದು ಉಪಾಯ ಮಾಡಿತು. ಗೂಗಲ್ ಮ್ಯಾಪಿನಿಂದ ಆ ಬಸ್ಸನ್ನೇ ತೆಗೆಸಿಹಾಕಿತು. ಬಸ್ಸು ಓಡುತ್ತದೆ, ಸ್ಟಾಪಿದೆ, ಡ್ರೈವರ್ ಇದ್ದಾನೆ. ಆದರೆ ಬಸ್ಸಿಲ್ಲ. ವೇದಾಂತಿಗಳು ಇಷ್ಟು ವರ್ಷ ಹೇಳುತ್ತಿದ್ದ ಮಾಯೆ ನನಗೆ ಆವತ್ತು ಅರ್ಥವಾಯಿತು.

ಮಗಳು ನಮ್ಮನ್ನು ಆ ಬಸ್ಸಿಗೇ ಹತ್ತಿಸಿದಳು. ನಂಬರನ್ನು ಕನ್ನಡದಲ್ಲಿ, ಕಿವಿಯಲ್ಲಿ ಹೇಳಿದಳು. ಎರಡನೇ ಸ್ಟಾಪಿನಲ್ಲಿ ಚಕ್ರದ ಚೀಲ ಎಳೆದುಕೊಂಡು ಒಬ್ಬ ಅಜ್ಜಿ ಹತ್ತಿದರು. ಚೀಲದಿಂದ ಈರುಳ್ಳಿ ಸೊಪ್ಪು ಇಣುಕುತ್ತಿತ್ತು. ನಮ್ಮವಳು ಥಟ್ಟನೆ ಎದ್ದು ಸೀಟು ಬಿಟ್ಟಳು. ಅಜ್ಜಿ "ಮೆರ್ಸಿ" ಅಂದರು. ನಾನು ವಿಮಾನದಲ್ಲಿ ಗಟ್ಟಿ ಹೊಡೆದಿದ್ದ 'ಗ್ರಾಸಿಯಾಸ್' ಬಾಯಲ್ಲೇ ಉಳಿಯಿತು. ಅಲ್ಲಿಯವರ ಮಾತು ಕತಲಾನ್, ಮೆರ್ಸಿ ಅವರ ದಿನದ ಮಾತು.

"ಅಮ್ಮ, ನೀನು ಸೀಟ್ ಬಿಟ್ಟಿದ್ದು ಒಳ್ಳೇದಾಯ್ತು" ಅಂದಳು ಮಗಳು. "ಬಸ್ಸೇ ಬಿಟ್ಟಿದ್ರೆ ಅಜ್ಜಿಗೆ ಇನ್ನೂ ಖುಷಿಯಾಗ್ತಿತ್ತು."

ಕೊನೆಗೆ ನಾನು ಸೋತು ಕೇಳಿದೆ, ಹಾಗಾದರೆ ಈ ಊರಿಗೇ ಸೇರಿದ್ದು, ಬೇರೆಯವರದಲ್ಲದ್ದು ಏನಾದರೂ ಇದೆಯಾ? ಇದೆ ಅಂತ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಗಾಜಿನ ಕಪಾಟಿನ ತುಂಬಾ ಬೆರಳುದ್ದದ ಮಣ್ಣಿನ ಗೊಂಬೆಗಳು. ಕೆಂಪು ಟೋಪಿಯ ರೈತ. ಚಡ್ಡಿ ಕೆಳಗಿಳಿಸಿ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಹಿಂದೆ, ಕೆಲಸ ಮುಗಿದ ಗುರುತು ಅಚ್ಚುಕಟ್ಟಾಗಿ ಸುರುಳಿ ಸುತ್ತಿಕೊಂಡಿದೆ. ಪಕ್ಕದ ಸಾಲಿನಲ್ಲಿ ಫುಟ್‌ಬಾಲ್ ಆಟಗಾರರು, ಪ್ರಧಾನಿಗಳು, ಅಧ್ಯಕ್ಷರು, ಎಲ್ಲರೂ ಅದೇ ಭಂಗಿಯಲ್ಲಿ. ನಮ್ಮವಳು ಸೆರಗು ಮೂಗಿಗೆ ಒತ್ತಿಕೊಂಡಳು, ಮಣ್ಣಿನದು ಅಂತ ಗೊತ್ತಿದ್ದರೂ.

ಇದರ ಹೆಸರು ಕಗನೇರ್. ಕ್ರಿಸ್ಮಸ್ಸಿಗೆ ಗೋದಲಿ ಕೂರಿಸುವಾಗ ಮರಿಯಮ್ಮ, ಬಾಲಯೇಸು, ಕುರುಬರ ಜೊತೆ ಒಂದು ಮೂಲೆಯಲ್ಲಿ ಇವನನ್ನೂ ಇಡುತ್ತಾರೆ. ನೆಲಕ್ಕೆ ಗೊಬ್ಬರ ಆಗುತ್ತದೆ, ಬೆಳೆ ಚೆನ್ನಾಗಿ ಬರುತ್ತದೆ, ಒಳ್ಳೆಯದು ಅಂತ ನಂಬಿಕೆ. 2005ರಲ್ಲಿ ಪಾಲಿಕೆಯ ಗೋದಲಿಯಲ್ಲಿ ಇವನಿರಲಿಲ್ಲ. ಯಾಕಪ್ಪಾ ಅಂದರೆ, ಬೀದಿಯಲ್ಲಿ ಮಲಮೂತ್ರ ಮಾಡಬಾರದು ಅಂತ ಆಗಷ್ಟೇ ನಿಯಮ ಮಾಡಿದ್ದರು. ಮಣ್ಣಿನ ಗೊಂಬೆಯೂ ಕಾನೂನು ಪಾಲಿಸಬೇಕಲ್ಲ! ಊರಿನವರು ಬಿಡಲಿಲ್ಲ. ನಮ್ಮ ಪರಂಪರೆಯ ಮೇಲೆ ದಾಳಿ ಅಂತ ಗಲಾಟೆ ಎಬ್ಬಿಸಿದರು. 2006ರ ಕ್ರಿಸ್ಮಸ್ಸಿಗೆ ಅವನು ವಾಪಸ್ ಬಂದು ತನ್ನ ಜಾಗದಲ್ಲಿ ಕೂತ. ಲೈಸೆನ್ಸ್ ಕೇಳಿದರೋ ಇಲ್ಲವೋ.

ಒಂದು ಕೊಂಡೆ. ಇಡೀ ಊರಿನಲ್ಲಿ ನನಗೆ ಸಿಕ್ಕ ಅಪ್ಪಟ ಸ್ಥಳೀಯ ಅವನೊಬ್ಬನೇ. ಪ್ರವಾಸಿಗರ ಬಗ್ಗೆ ತನಗೆ ಅನಿಸಿದ್ದನ್ನು ಮುಚ್ಚಿಟ್ಟುಕೊಂಡವನೂ ಅಲ್ಲ.

ಹೋಟೆಲ್ ಬಿಡುವಾಗ ಬಿಲ್ಲಿನ ಕೆಳಗೆ ಪ್ರವಾಸಿ ತೆರಿಗೆ ಇತ್ತು. 2024ರ ಅಕ್ಟೋಬರಿನಲ್ಲಿ ಊರಿನ ಪಾಲನ್ನೇ ತಲೆಗೆ ರಾತ್ರಿಗೆ 4 ಯೂರೋಗೆ ಏರಿಸಿದ್ದರು, ಪ್ರಾಂತ್ಯದ್ದು ಬೇರೆ. ಆ ದುಡ್ಡಿನಲ್ಲಿ ಊರಿನ ಸರ್ಕಾರಿ ಶಾಲೆಗಳಿಗೆ ತಂಪಿನ ವ್ಯವಸ್ಥೆ ಮಾಡಿಸುತ್ತಿದ್ದಾರಂತೆ. ಇದೊಂದಕ್ಕೆ ನಾನು ಮನಸಾರೆ ಕೊಟ್ಟೆ. ನಾವು ಬಿಸಿಲಿನಲ್ಲಿ ಕ್ಯೂ ನಿಂತು ಬೆವರಿದರೆ ಅಲ್ಲಿ ಮಕ್ಕಳಿಗೆ ತಂಪು.

ಕೊನೆಯ ದಿನ ಸಾಯಂಕಾಲ ರಾಂಬ್ಲಾದ ಒಂದು ಅಂಗಡಿಯಲ್ಲಿ ನೀರಿನ ಪಿಸ್ತೂಲುಗಳು ನೇತಾಡುತ್ತಿದ್ದವು. ಅಂಗಡಿಯವನು ನಮ್ಮ ಕಡೆಯ ಬಣ್ಣದವನೇ, ಲಾಹೋರಿನವನೋ ಢಾಕಾದವನೋ, ಹಿಂದಿಯಲ್ಲೇ ಮಾತಿಗಿಳಿದ. ಚೆನ್ನಾಗಿ ಹೋಗುತ್ತಾ ಅಂದೆ. "ತುಂಬಾ ಸಾಬ್. ಹೊಡೆಯೋರೂ ತಗೋತಾರೆ, ಹೊಡೆಸಿಕೊಂಡೋರೂ ನೆನಪಿಗೆ ತಗೋತಾರೆ" ಅಂದ. ಆರು ಯೂರೋಗೆ ಹಸಿರು ಬಣ್ಣದ್ದೊಂದು ತಗೊಂಡೆ.

ಅದೇ ಬೀದಿಯ ಮೇಲ್ತುದಿಯಲ್ಲಿ ಕನಲೆಟೆಸ್ ಅಂತ ಹಳೆಯ ನಲ್ಲಿಕಂಬ ಇದೆ. ಅದರ ನೀರು ಕುಡಿದವರು ಮತ್ತೆ ಬಾರ್ಸಿಲೋನಾಕ್ಕೆ ಬಂದೇ ಬರುತ್ತಾರೆ ಅಂತ ಪ್ರತೀತಿ. ಪಿಸ್ತೂಲು ಸರಿ ಇದೆಯಾ ನೋಡೋಣ ಅಂತ ನಮ್ಮವಳು ಅಲ್ಲೇ ನೀರು ತುಂಬಿಸಿದಳು. "ಅಮ್ಮ, ಕುಡೀಬೇಡ, ಜನ ನೋಡ್ತಿದ್ದಾರೆ" ಅಂತ ಮಗಳು ಗದರಿದಳು.

ಮರುದಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಮ್ಮ ಬ್ಯಾಗನ್ನು ಪಕ್ಕಕ್ಕೆ ತೆಗೆದರು. ಪಿಸ್ತೂಲು ಅಂತಲೇ ಹಿಡಿದಿದ್ದಾರೆ, ಮುಗಿಯಿತು ಅಂದುಕೊಂಡೆ. ಆ ಹೆಂಗಸು ಅದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಗುಳುಗುಳು ಅಂದಿತು.

"ನೂರು ಎಂಎಲ್‌ಗಿಂತ ಜಾಸ್ತಿ ಇದೆ" ಅಂದರು.

"ಕನಲೆಟೆಸ್ ನೀರು ಮೇಡಂ" ಅಂದೆ. "ಇದನ್ನು ಕುಡಿದರೆ ಮತ್ತೆ ಬರ್ತೀವಂತೆ."

ಅವರು ನನ್ನನ್ನು ಒಮ್ಮೆ ನೋಡಿದರು. ಹಿಂದಿನ ಕ್ಯೂ ನೋಡಿದರು. ಆಮೇಲೆ ಪಿಸ್ತೂಲನ್ನು ನಿಧಾನವಾಗಿ ಕಸದ ಡಬ್ಬಕ್ಕೆ ಹಾಕಿ, "ಮೆರ್ಸಿ" ಅಂದರು.